ಅಟ್ಟದ ಪಿಂಗಾಣಿ, ಗೋಡೆಯ ಹಳೇ ಚಿತ್ರ: ಗುಜರಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ

ಶನಿವಾರಸಂತೆ: ಮನೆ ರಿಪೇರಿ ಶುರುವಾಯ್ತು ಅಂದ್ರೆ ಮೊದಲು ಖಾಲಿಯಾಗೋದು ಅಟ್ಟ. ಹಿತ್ತಾಳೆ, ತಾಮ್ರವನ್ನಾದರೂ ತೂಕ ಹಾಕಿ ಮಾರುತ್ತಾರೆ. ಪಿಂಗಾಣಿ ತಟ್ಟೆ, ಹೂದಾನಿ, ಬೊಂಬೆಗಳಿಗೆ ಗುಜರಿಯಲ್ಲಿ ತೂಕದ ಬೆಲೆಯೂ ಸಿಗುವುದಿಲ್ಲ. ಕಟ್ಟು ಹಾಕಿದ ಹಳೇ ಚಿತ್ರಗಳದ್ದೂ ಅದೇ ಕಥೆ. ಗಾಜು ಒಂದು ಕಡೆ, ಮರ ಒಂದು ಕಡೆ, ಕಾಗದ ಒಲೆಗೆ. ಆದರೆ ಸಂಗ್ರಹಕಾರರು ಹುಡುಕಿಕೊಂಡು ಬರುವುದು ಇಂಥದ್ದನ್ನೇ. ಗೊತ್ತಿಲ್ಲದೆ ಕೊಟ್ಟರೆ ಮನೆಯವರಿಗೆ ನಷ್ಟ, ಗೊತ್ತಿಲ್ಲದೆ ಕೊಂಡರೆ ಅಂಗಡಿಯವರಿಗೆ ನಷ್ಟ.

ಕೊಡಗಿನಲ್ಲಿ ಯಾಕೆ ಸಿಗುತ್ತೆ?

ಕೊಡಗು 1834ರಲ್ಲಿ ಬ್ರಿಟಿಷರ ಕೈಸೇರಿತು. 1850ರ ದಶಕದಿಂದ ಯುರೋಪಿಯನ್ ಪ್ಲಾಂಟರ್‌ಗಳು ಇಲ್ಲಿ ಕಾಫಿ ತೋಟ ಮಾಡಿದರು. ಅವರ ಬಂಗಲೆಗಳಿಗೆ ಇಂಗ್ಲೆಂಡಿನ ಟೀ ಸೆಟ್, ಹೂದಾನಿ, ಅಲಂಕಾರದ ತಟ್ಟೆಗಳು ಬಂದವು. ಮುಂದೆ ತೋಟಗಳು ಕೈಬದಲಾದಾಗ ಮನೆಯ ಸಾಮಾನೂ ಎಷ್ಟೋ ಕಡೆ ಇಲ್ಲೇ ಉಳಿಯಿತು. 1920–30ರ ದಶಕದಲ್ಲಿ ಜಪಾನಿನ ಅಗ್ಗದ ಪಿಂಗಾಣಿ ಸಾಮಾನು ಭಾರತದ ಪೇಟೆಗಳಿಗೆ ಬಂತು. ದೇವರ ಚಿತ್ರ ಉಬ್ಬಿಸಿದ ಬಣ್ಣದ ಹೆಂಚುಗಳೂ ಆಗ ಜಪಾನಿನಿಂದಲೇ ಬರುತ್ತಿದ್ದವು. ನಮ್ಮಲ್ಲೂ ತಯಾರಿಕೆ ಇರಲಿಲ್ಲ ಅಂತಲ್ಲ. ಮೈಸೂರು ಸಂಸ್ಥಾನ 1930ರ ದಶಕದಲ್ಲೇ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸುತ್ತಿತ್ತು.

ತಳ ನೋಡಿ, ಕಾಲ ತಿಳಿಯಿರಿ

ಪಿಂಗಾಣಿಯ ಜಾತಕ ಇರೋದು ಅದರ ತಳದಲ್ಲಿ. ತನ್ನ ದೇಶಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂಬ ನಿಯಮವನ್ನು ಅಮೆರಿಕ 1891ರಲ್ಲಿ ಜಾರಿಗೆ ತಂತು. ಆಮೇಲೆ ಬಹಳಷ್ಟು ಕಾರ್ಖಾನೆಗಳು ದೇಶದ ಹೆಸರು ಹಾಕತೊಡಗಿದವು. ಬರೀ ‘ಇಂಗ್ಲೆಂಡ್’ ಅಂತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಅಂತಿದ್ದರೆ ಹೆಚ್ಚಾಗಿ 20ನೇ ಶತಮಾನದ್ದು. ಜಪಾನಿನ ಸಾಮಾನಿನ ಮೇಲೆ ‘ನಿಪ್ಪಾನ್’ ಎಂದಿದ್ದರೆ ಸುಮಾರು 1891ರಿಂದ 1921ರ ನಡುವಿನದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧದ ನಂತರ, 1952ರವರೆಗಿನದು.

ಒಂದು ಎಚ್ಚರಿಕೆ: ಮುದ್ರೆ ಇದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು. ಜರ್ಮನಿಯ ಮೈಸೆನ್ ಕಾರ್ಖಾನೆಯ ಜೋಡಿ ಕತ್ತಿಯ ಗುರುತನ್ನು ನಕಲು ಮಾಡಿದಷ್ಟು ಬೇರೆ ಯಾವುದನ್ನೂ ಮಾಡಿರಲಿಕ್ಕಿಲ್ಲ. ಹಾಗೆಯೇ ಮುದ್ರೆ ಇಲ್ಲದ್ದೆಲ್ಲ ಕಳಪೆಯೂ ಅಲ್ಲ.

ಮುದ್ರೆಯ ಜತೆ ಇನ್ನೂ ಮೂರು ಪರೀಕ್ಷೆ ಮಾಡಿ. ತಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ತೆಳು ಪಿಂಗಾಣಿಯಾದರೆ ಬೆಳಕು ಹಾಯುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಹಾಯುವುದಿಲ್ಲ, ಅದರ ಮಣ್ಣೇ ಬೇರೆ. ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಗಂಟೆಯಂಥ ಸದ್ದು, ಬಿರುಕಿದ್ದರೆ ಮಂದ ಸದ್ದು. ಅಂಚಿನ ಸುತ್ತ ಬೆರಳಾಡಿಸಿ. ಅಂಟು ಹಾಕಿ ಬಣ್ಣ ಬಳಿದ ಜಾಗ ಕೈಗೆ ಬೇರೆಯಾಗಿ ತಾಗುತ್ತದೆ. ಒಡೆದು ಕೂಡಿಸಿದ್ದಕ್ಕೆ ಬೆಲೆ ತೀರಾ ಇಳಿಯುತ್ತದೆ.

ಅಂದಕ್ಕೆ ಇಡಿ, ಊಟಕ್ಕೆ ಬೇಡ

ಹಳೇ ಬಣ್ಣದ ಪಿಂಗಾಣಿಯ ಮೆರುಗಿನಲ್ಲಿ ಸೀಸದ ಅಂಶ ಇರುವುದುಂಟು. ಹುಳಿ ಪದಾರ್ಥ ತಾಗಿದರೆ ಅದು ಆಹಾರಕ್ಕೆ ಇಳಿಯಬಹುದು. ಹುಣಸೆ ಹುಳಿ, ನಿಂಬೆ, ಉಪ್ಪಿನಕಾಯಿ, ಮೊಸರು ಅಂಥ ತಟ್ಟೆಯಲ್ಲಿ ಬೇಡ. ಮಕ್ಕಳಿಗಂತೂ ಅದರಲ್ಲಿ ಊಟ ಬಡಿಸಲೇಬೇಡಿ.

ಕಾಗದಕ್ಕೂ ಬೆಲೆ ಇದೆ

ಚಿತ್ರಗಳ ವಿಷಯಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ರವಿವರ್ಮನ ಲಕ್ಷ್ಮಿ, ಸರಸ್ವತಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ. ಆಮೇಲೆ ಅದು ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು, ಜರ್ಮನಿಯ ಫ್ರಿಟ್ಜ್ ಶ್ಲೀಷರ್ ಕೈಗೆ ಬಂತು. 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಳೇ ಮುದ್ರಣಗಳ ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಸಿಗುವುದುಂಟು. ಕಟ್ಟಿಗೆ ಕೂರಲಿಲ್ಲ ಅಂತ ಆ ಅಂಚನ್ನು ಕತ್ತರಿಸಿದರೆ ಸಾಕ್ಷಿಯೇ ಹೋದಂತೆ.

ಚಿತ್ರಕಲಾ ಪ್ರದರ್ಶನದ ಪೋಸ್ಟರ್‌ಗಳ ಲೆಕ್ಕ ಇನ್ನೂ ವಿಚಿತ್ರ. ಪ್ರದರ್ಶನ ಮುಗಿದ ಮಾರನೇ ದಿನ ಯಾರಿಗೂ ಬೇಡವಾಗುವ ಕಾಗದ ಅದು. ಹರಿದು ಬಿಸಾಡುವುದರಿಂದಲೇ ಉಳಿಯುವುದು ಕಡಿಮೆ, ಉಳಿದದ್ದಕ್ಕೆ ಬೆಲೆ. ಪ್ಯಾರಿಸ್ಸಿನ ಮೂರ್ಲೋ ಮುದ್ರಣಾಲಯ ಪಿಕಾಸೊ, ಮಾತೀಸ್‌ರ ಪ್ರದರ್ಶನಗಳಿಗೆ ಅಚ್ಚು ಹಾಕಿದ ಪೋಸ್ಟರ್‌ಗಳನ್ನು ಜನ ಇವತ್ತು ಕಲಾಕೃತಿಯಂತೆ ಕೊಳ್ಳುತ್ತಾರೆ. ನಮ್ಮಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು, ಲಲಿತಕಲಾ ಅಕಾಡೆಮಿಯ ಹಳೇ ಪೋಸ್ಟರ್, ಆಮಂತ್ರಣಗಳು ರಾಜ್ಯದ ಕಲಾ ಇತಿಹಾಸದ ದಾಖಲೆಗಳು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಂಥ ಕಲಾವಿದರ ಹೆಸರು, ಸ್ಥಳ, ದಿನಾಂಕ ಇರುವ ಕಾಗದ ಸಿಕ್ಕರೆ ಎಸೆಯಬೇಡಿ.

ಅಸಲಿ, ನಕಲಿ ತಿಳಿಯಲು ಭೂತಗನ್ನಡಿ ಸಾಕು. ಕಲ್ಲಚ್ಚಿನ ಹಳೇ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಅಡ್ಡಾದಿಡ್ಡಿಯಾಗಿರುತ್ತವೆ. ಇತ್ತೀಚಿನ ಆಫ್‌ಸೆಟ್ ಪ್ರತಿಯಲ್ಲಿ ಚುಕ್ಕೆಗಳು ಸಾಲು ಹಿಡಿದು ಕೂತಿರುತ್ತವೆ.

ಮಳೆಗಾಲವೇ ದೊಡ್ಡ ಶತ್ರು

ನಮ್ಮ ಕಡೆಯ ಮಳೆಗೆ ಕಾಗದ ಬೂಸ್ಟು ಹಿಡಿಯುವುದು ಹೊಸದಲ್ಲ. ಚಿತ್ರವನ್ನು ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ. ಗಾಜಿಗೂ ಕಾಗದಕ್ಕೂ ನಡುವೆ ಸ್ವಲ್ಪ ಜಾಗ ಇರಲಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಎರಡನ್ನೂ ಮತ್ತೆ ತೆಗೆಯಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ.

ಅಂಗಡಿಯವರು ತಿಳಿದಿರಬೇಕಾದ ಕಾನೂನು

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ ಐತಿಹಾಸಿಕ, ಕಲಾತ್ಮಕ ಮಹತ್ವವಿದ್ದು 100 ವರ್ಷಕ್ಕೆ ಕಮ್ಮಿಯಿಲ್ಲದ ವಸ್ತು ಪುರಾವಸ್ತು. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಪಾರ್ಸೆಲ್ ಮಾಡುವ ಮುನ್ನವೂ ಇದು ನೆನಪಿರಲಿ. ನೆಲ ಅಗೆಯುವಾಗ ಹಳೇ ವಸ್ತು ಸಿಕ್ಕರೆ ಅದು ನಿಧಿ ಕಾಯ್ದೆಗೆ ಬರುತ್ತದೆ, ಆಡಳಿತಕ್ಕೆ ತಿಳಿಸಬೇಕು.

ಸಂಗ್ರಹ ಅಂದರೆ ದುಡ್ಡಿದ್ದವರ ಖಯಾಲಿ ಎನ್ನುವವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೋಡಿ ಬರಬೇಕು. ಬ್ಯಾಂಕ್ ಉದ್ಯೋಗಿಯಾಗಿದ್ದ ದಿವಂಗತ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೇ ಮನೆಗಳನ್ನೂ ಅವುಗಳ ಸಾಮಾನನ್ನೂ ಉಳಿಸಿ ಅದನ್ನು ಕಟ್ಟಿದರು. ರವಿವರ್ಮ ಪ್ರೆಸ್ಸಿನ ಮುದ್ರಣಗಳೂ ಅಲ್ಲಿವೆ.

ಅಷ್ಟು ಮಾಡಲಾಗದಿದ್ದರೂ ಪರವಾಗಿಲ್ಲ. ಸಾಮಾನು ಕೊಡುವ ಮುನ್ನ ತಳದ ಮುದ್ರೆಯ ಫೋಟೋ ತೆಗೆಯಿರಿ, ಅದು ಯಾರ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ಬಾಗಿಲಿಗೆ ಬಂದವರು ಹೇಳಿದ ಮೊದಲ ರೇಟಿಗೇ ‘ಆಯ್ತು’ ಅನ್ನಬೇಡಿ.