‘ಮೃದು’ ಸಿಗಾರ್‌ನ ರಸಾಯನ ವಿಜ್ಞಾನ

ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ – ಇವೆಲ್ಲ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು ಎಂಬುದು ನಿಮಗೆ ಗೊತ್ತು. ಅದೇ ಕುಟುಂಬದ ಇನ್ನೊಂದು ಸದಸ್ಯ ಹೊಗೆಸೊಪ್ಪು. ಅದರ ಎಲೆಗಳನ್ನು ತಿಂಗಳುಗಟ್ಟಲೆ ಹದಮಾಡಿ, ಕೈಯಿಂದಲೇ ಸುತ್ತಿ ತಯಾರಿಸುವ ದುಬಾರಿ ಸಿಗಾರ್‌ಗಳನ್ನು ಅವುಗಳ ಅಭಿಮಾನಿಗಳು ವರ್ಣಿಸುವ ಭಾಷೆ ಸ್ವಾರಸ್ಯಕರವಾದದ್ದು. ‘ಮೃದು’, ‘ಕೆನೆಯಂಥದು’, ‘ಬೆಣ್ಣೆಯಂತೆ ನುಣುಪು’ ಎಂದೆಲ್ಲ ಹೇಳುತ್ತಾರೆ. ಆದರೆ ಸಿಗಾರ್‌ನಲ್ಲಿ ಹಾಲೂ ಇಲ್ಲ, ಬೆಣ್ಣೆಯೂ ಇಲ್ಲ. ಇರುವುದು ಎಲೆ ಮಾತ್ರ. ಜೊತೆಗೆ ತುದಿಯನ್ನು ಅಂಟಿಸಲು ಒಂದಿಷ್ಟು ಸಸ್ಯಜನ್ಯ ಗೋಂದು.

ಹಾಗಾದರೆ ಈ ಕೆನೆ ಎಲ್ಲಿಂದ ಬಂತು? ಮೃದುತ್ವ ಎನ್ನುವುದು ನಿಜವಾದ ಗುಣವೇ ಅಥವಾ ಬರಿಯ ವ್ಯಾಪಾರದ ಮಾತೇ? ನಿಜವೇ ಆಗಿದ್ದರೆ, ನಾಲಿಗೆಗೆ ಮೃದುವಾದದ್ದು ದೇಹಕ್ಕೂ ಮೃದುವಾಗಿರುತ್ತದೆಯೇ? ಎಲೆಯ ಬೆನ್ನು ಹಿಡಿದು ಹೊರಟರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ನೆರಳಿನಲ್ಲಿ ಬೆಳೆದ ಎಲೆ

ಮೃದು ಸಿಗಾರ್‌ಗಳ ಪೈಕಿ ಹೆಸರಾದ ಒಂದು ಬಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಒಳಭಾಗಕ್ಕೆ ಹೆಚ್ಚಾಗಿ ಬಳಸುವುದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಬೆಳೆದ ಎಲೆ. ಹೊರಹೊದಿಕೆ ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ತಳಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸುಮಾತ್ರ ದ್ವೀಪದ ತೆಳುವಾದ ಎಲೆ ಅಮೆರಿಕದ ಮಾರುಕಟ್ಟೆಗೆ ಬಂದು ಕನೆಕ್ಟಿಕಟ್ ರೈತರಿಗೆ ಪೈಪೋಟಿಯೊಡ್ಡಿತು. ಅದಕ್ಕೆ ಉತ್ತರವಾಗಿ 1900ರ ಸುಮಾರಿಗೆ ಅಲ್ಲಿನವರು ಇಡೀ ಹೊಲಕ್ಕೇ ತೆಳುಬಟ್ಟೆಯ ಚಪ್ಪರ ಹಾಕಿ ಬೆಳೆ ತೆಗೆಯತೊಡಗಿದರು.

ಚಪ್ಪರದಿಂದ ಆದ ಲಾಭವೇನು? ನಿಮ್ಮ ಶಾಲೆಯ ಅಂಗಳದಲ್ಲಿರುವ ಯಾವುದಾದರೂ ದಟ್ಟ ಮರದ ತುದಿಯ ಎಲೆಯನ್ನೂ ಒಳಗಿನ ನೆರಳಿನ ಎಲೆಯನ್ನೂ ಹೋಲಿಸಿ ನೋಡಿ. ನೆರಳಿನ ಎಲೆ ಸಾಮಾನ್ಯವಾಗಿ ಅಗಲವಾಗಿಯೂ ತೆಳುವಾಗಿಯೂ ಇರುತ್ತದೆ. ಸಿಗುವ ಕಡಿಮೆ ಬೆಳಕನ್ನು ಹಿಡಿಯಲು ಸಸ್ಯ ಕಂಡುಕೊಂಡ ಉಪಾಯವಿದು. ಚಪ್ಪರದ ಕೆಳಗಿನ ಹೊಗೆಸೊಪ್ಪಿಗೂ ಇದೇ ಆಗುತ್ತದೆ. ಎಲೆ ತೆಳು, ನರಗಳು ಸಣ್ಣ, ಒಣಗಿದ ಮೇಲೆ ಬಣ್ಣ ತಿಳಿಗಂದು. ಇಂದು ಇದೇ ತಳಿಯನ್ನು ಈಕ್ವಡಾರ್‌ನಲ್ಲಿಯೂ ಬೆಳೆಯುತ್ತಾರೆ. ಅಲ್ಲಿ ಬಟ್ಟೆಯ ಕೆಲಸವನ್ನು ಮೋಡಗಳೇ ಮಾಡುತ್ತವೆ.

ಗಿಡದ ಯಾವ ಭಾಗದ ಎಲೆ ಎಂಬುದೂ ಮುಖ್ಯ. ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ಅದು ನೀರಿನ ಜೊತೆ ಮೇಲೇರಿ ಎಲೆಗಳಲ್ಲಿ ಶೇಖರವಾಗುತ್ತದೆ. ಸಾಮಾನ್ಯವಾಗಿ ಮೇಲಿನ ಎಲೆಗಳಲ್ಲಿ ನಿಕೋಟಿನ್ ಹೆಚ್ಚು, ಬುಡದ ಎಲೆಗಳಲ್ಲಿ ಕಡಿಮೆ. ಕ್ಯೂಬಾದ ಬೆಳೆಗಾರರು ಬುಡದ ಎಲೆಯನ್ನು ‘ವೊಲಾಡೊ’, ನಡುವಿನದನ್ನು ‘ಸೆಕೊ’, ಮೇಲಿನದನ್ನು ‘ಲಿಹೆರೊ’ ಎಂದು ಕರೆಯುತ್ತಾರೆ. ಲಿಹೆರೊ ದಪ್ಪ, ಖಾರ, ನಿಧಾನವಾಗಿ ಉರಿಯುವಂಥದು. ಮೃದು ಸಿಗಾರ್‌ನಲ್ಲಿ ಅದರ ಪಾಲು ಕಡಿಮೆ. ಮೃದುತ್ವಕ್ಕೆ ಇದು ಮೊದಲನೆಯ ಕಾರಣ.

ಒಣಗುವಿಕೆಯಲ್ಲ, ಹದವಾಗುವಿಕೆ

ಕಿತ್ತ ಎಲೆಯನ್ನು ಗಾಳಿಯಾಡುವ ದೊಡ್ಡ ಕೊಟ್ಟಿಗೆಗಳಲ್ಲಿ ತೂಗುಹಾಕುತ್ತಾರೆ. ಹಲವು ವಾರಗಳ ಕಾಲ ನೀರು ನಿಧಾನವಾಗಿ ಆರುತ್ತದೆ. ಕಿತ್ತ ಮೇಲೂ ಎಲೆಯ ಜೀವಕೋಶಗಳು ಕೂಡಲೇ ಸಾಯುವುದಿಲ್ಲ. ಉಸಿರಾಟ ಮುಂದುವರಿಯುತ್ತದೆ. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಆ ಸಕ್ಕರೆಯೂ ಉಸಿರಾಟದಲ್ಲಿ ಖರ್ಚಾಗುತ್ತದೆ. ಪತ್ರಹರಿತ್ತು ಒಡೆದು ಹಸಿರು ಮಾಯವಾಗುತ್ತದೆ, ಮರೆಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಬಳಿಕ ಪಾಲಿಫೀನಾಲ್‌ಗಳು ಉತ್ಕರ್ಷಣಗೊಂಡು ಎಲೆ ಕಂದಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದಲೇ.

ಇದನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ‘ಬ್ಯಾರನ್’ಗಳೊಡನೆ ಹೋಲಿಸಬಹುದು. ಅಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಮುಖ್ಯವಾಗಿ ಸಿಗರೇಟಿಗಾಗಿ. ಅದನ್ನು ಬಿಸಿ ಕೊಳವೆಗಳ ಶಾಖದಲ್ಲಿ ಕೆಲವೇ ದಿನಗಳಲ್ಲಿ ಹದಮಾಡುತ್ತಾರೆ. ಎಲೆ ಹಳದಿಯಾದ ಹಂತದಲ್ಲೇ ಶಾಖ ಏರಿಸುವುದರಿಂದ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಒಂದರಲ್ಲಿ ಸಕ್ಕರೆ ಉಳಿಯಿತು, ಇನ್ನೊಂದರಲ್ಲಿ ಬಹುಮಟ್ಟಿಗೆ ಹೋಯಿತು – ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ರಾಶಿಯೊಳಗಿನ ಬಿಸಿ

ಸಿಗಾರ್ ಎಲೆಗೆ ಇನ್ನೂ ಒಂದು ಸಂಸ್ಕಾರವುಂಟು. ಎಲೆಗಳನ್ನು ತೇವಮಾಡಿ ಎತ್ತರದ ರಾಶಿಯಾಗಿ ಒಟ್ಟುತ್ತಾರೆ. ಒದ್ದೆ ಹುಲ್ಲಿನ ಬಣವೆಯೊಳಗೆ ಕೈಯಿಟ್ಟವರಿಗೆ ಮುಂದೇನಾಗುತ್ತದೆಂದು ಹೇಳಬೇಕಾಗಿಲ್ಲ. ರಾಶಿ ತಾನಾಗಿಯೇ ಬಿಸಿಯಾಗುತ್ತದೆ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರುತ್ತದೆ. ಮಿತಿ ಮೀರುವ ಮುನ್ನ ರಾಶಿಯನ್ನು ಬಿಚ್ಚಿ, ಒಳಗಿನ ಎಲೆ ಹೊರಕ್ಕೂ ಹೊರಗಿನದು ಒಳಕ್ಕೂ ಬರುವಂತೆ ಮತ್ತೆ ಒಟ್ಟುತ್ತಾರೆ.

ಈ ಹುದುಗುವಿಕೆಯಲ್ಲಿ ಸೂಕ್ಷ್ಮಜೀವಿಗಳೂ ಕಿಣ್ವಗಳೂ ಪ್ರೋಟೀನುಗಳನ್ನು ಒಡೆಯುತ್ತವೆ. ಮೂಗಿಗೆ ರಾಚುವ ಅಮೋನಿಯ ಹೊರಬೀಳುತ್ತದೆ. ನಿಕೋಟಿನ್‌ನ ಒಂದಂಶವೂ ಕಡಿಮೆಯಾಗುತ್ತದೆ. ಹಳದಿ ವರ್ಣದ್ರವ್ಯಗಳಾದ ಕ್ಯಾರೊಟಿನಾಯ್ಡ್‌ಗಳು ಒಡೆದು ಅಯೊನೋನ್, ಡಮಾಸ್ಕೆನೋನ್‌ಗಳಂಥ ಸುವಾಸನೆಯ ಅಣುಗಳಾಗುತ್ತವೆ. ಗುಲಾಬಿಯ ಪರಿಮಳದಲ್ಲೂ ಈ ಅಣುಗಳಿವೆ.

ಆದರೆ ಇದೇ ಹದಮಾಡುವಿಕೆ ಮತ್ತು ಹುದುಗುವಿಕೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಕೆಲವು ಬ್ಯಾಕ್ಟೀರಿಯಗಳು ಎಲೆಯಲ್ಲಿನ ನೈಟ್ರೇಟನ್ನು ನೈಟ್ರೈಟ್ ಆಗಿ ಅಪಕರ್ಷಿಸುತ್ತವೆ. ನೈಟ್ರೈಟ್ ನಿಕೋಟಿನ್ ಮತ್ತು ಅದರ ಬಂಧುಗಳೊಡನೆ ವರ್ತಿಸಿ ನೈಟ್ರೊಸಮೀನ್‌ಗಳು ಹುಟ್ಟುತ್ತವೆ. ಇವುಗಳಲ್ಲಿ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬ ಎರಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಅಮೋನಿಯದ ಘಾಟು ಮೂಗಿಗೆ ತಿಳಿಯುತ್ತದೆ. ಇವು ತಿಳಿಯುವುದಿಲ್ಲ. ಘಾಟು ಹೋಯಿತೆಂದರೆ ವಿಷ ಹೋಯಿತೆಂದಲ್ಲ.

ಮೂರು ಪದರ, ಒಂದು ಕೈಕೆಲಸ

ಕೈಸುತ್ತಿನ ಸಿಗಾರ್‌ಗೆ ಮೂರು ಪದರಗಳು. ಒಳಗೆ ಉದ್ದುದ್ದ ಎಲೆಗಳನ್ನು ಮಡಿಸಿ ಜೋಡಿಸಿದ ತಿರುಳು, ಅದನ್ನು ಬಿಗಿಹಿಡಿಯುವ ಕಟ್ಟು ಎಲೆ, ಎಲ್ಲಕ್ಕೂ ಮೇಲೆ ಹೊದಿಕೆ ಎಲೆ. ಮಡಿಕೆಗಳ ನಡುವೆ ಗಾಳಿ ಹಾಯಲು ದಾರಿ ಬಿಡಬೇಕು. ಬಿಗಿಯಾದರೆ ಹೊಗೆ ಬಾರದು, ಸಡಿಲವಾದರೆ ಬೇಗ ಉರಿದು ಹೊಗೆ ಸುಡುತ್ತದೆ. ಈ ಅಳತೆ ಸುತ್ತುವವರ ಬೆರಳುಗಳಿಗೇ ಗೊತ್ತು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರ ಕೈಗಳನ್ನು ನೋಡಿದವರಿಗೆ ಇದು ಅರ್ಥವಾದೀತು.

ಸಿಗಾರ್ ಬಲ್ಲವರು ಬೂದಿಯನ್ನೂ ಗಮನಿಸುತ್ತಾರೆ. ಇದರಲ್ಲೂ ವಿಜ್ಞಾನವಿದೆ. ತುಂಡಾಗದ ಉದ್ದನೆಯ ಎಲೆಗಳಿಂದಾಗಿ ಬೂದಿ ಬೇಗ ಉದುರದೆ ಕಡ್ಡಿಯಂತೆ ನಿಲ್ಲುತ್ತದೆ. ಮಣ್ಣಿನಿಂದ ಬಂದ ಪೊಟ್ಯಾಸಿಯಮ್ ಎಲೆ ಸಮವಾಗಿ ಉರಿಯಲು ನೆರವಾಗುತ್ತದೆ. ಕ್ಲೋರೈಡ್ ಹೆಚ್ಚಾದರೆ ಎಲೆ ಸರಿಯಾಗಿ ಉರಿಯದು.

ತಯಾರಾದ ಸಿಗಾರ್‌ಗಳನ್ನು ಶೇಕಡಾ 65ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ ಇಡುತ್ತಾರೆ. ಪೆಟ್ಟಿಗೆಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ನಿಜವಾದ ಸೀಡರ್ ಅಲ್ಲ, ನಮ್ಮ ಬೇವಿನ ಕುಟುಂಬದ ಮರ. ಪೆಟ್ಟಿಗೆಯ ಆರ್ದ್ರತಾಮಾಪಕ ಸರಿಯಿದೆಯೇ ಎಂದು ಪರೀಕ್ಷಿಸಲು ಅಡುಗೆ ಉಪ್ಪು ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿಹೋಗದಂತೆ ಕೆಲವು ಹನಿ ನೀರು ಬೆರೆಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಬೇಕು. ಸಂತೃಪ್ತ ಉಪ್ಪಿನ ದ್ರಾವಣದ ಮೇಲಿನ ಗಾಳಿಯ ಆರ್ದ್ರತೆ ಕೊಠಡಿಯ ಉಷ್ಣತೆಯಲ್ಲಿ ಶೇಕಡಾ 75ಕ್ಕೆ ನಿಲ್ಲುತ್ತದೆ. ಸಿಗಾರ್‌ನ ಗೊಡವೆಯಿಲ್ಲದೆಯೇ ಈ ಪ್ರಯೋಗವನ್ನು ನಿಮ್ಮ ಶಾಲೆಯ ಹವಾಮಾನ ಉಪಕರಣದ ಮೇಲೆ ಮಾಡಬಹುದು.

‘ಕೆನೆ’ ಎಂಬುದು ಯಾರ ಅನುಭವ?

ಈಗ ಮೊದಲ ಪ್ರಶ್ನೆಗೆ ಬರೋಣ. ನಾವು ರುಚಿ ಎನ್ನುವುದು ನಾಲಿಗೆಯೊಂದರ ಅನುಭವವಲ್ಲ. ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯ ಪಾಲು ಅದರಲ್ಲಿ ದೊಡ್ಡದು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದರಿಂದಲೇ. ಮೂರನೆಯದು ಟ್ರೈಜೆಮಿನಲ್ ನರ. ಮೆಣಸಿನ ಉರಿ, ಪುದೀನದ ತಂಪು, ಅಮೋನಿಯದ ಚುಚ್ಚು – ಇವನ್ನು ಮಿದುಳಿಗೆ ತಿಳಿಸುವುದು ಈ ನರ.

ಮೃದು ಸಿಗಾರ್‌ನ ಹೊಗೆಯಲ್ಲಿ ಅಮೋನಿಯ ಕಡಿಮೆ, ನಿಕೋಟಿನ್‌ನ ಚುಚ್ಚು ಕಡಿಮೆ. ಮರದ ಅಂಶವಾದ ಲಿಗ್ನಿನ್ ಸುಟ್ಟಾಗ ವೆನಿಲಿನ್, ಎಲೆ ಕಾದಾಗ ಹುರಿದ ಬೀಜದ ವಾಸನೆಯ ಪೈರಜೀನ್‌ಗಳು ಹುಟ್ಟುತ್ತವೆ. ಚುಚ್ಚು ಇಲ್ಲದ ಬಾಯಿ, ವೆನಿಲಾ ಮತ್ತು ಹುರಿದ ಬೀಜಗಳನ್ನು ನೆನಪಿಸುವ ವಾಸನೆ – ಇವೆರಡನ್ನೂ ಕೂಡಿಸಿ ಮಿದುಳು ‘ಕೆನೆ’ ಎಂದು ಹೆಸರಿಡುತ್ತದೆ. ಆದ್ದರಿಂದ ಕೆನೆ ಎಂಬುದು ಸುಳ್ಳಲ್ಲ. ಆದರೆ ಅದು ನರಗಳು ಕೊಟ್ಟ ವರದಿ, ಹೊಗೆಯ ರಾಸಾಯನಿಕ ವಿಶ್ಲೇಷಣೆಯಲ್ಲ.

ಒಳಗೆಳೆಯದಿದ್ದರೂ ರಕ್ತಕ್ಕೆ

‘ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಅದರಿಂದ ಅಪಾಯವಿಲ್ಲ’ ಎನ್ನುವವರುಂಟು. ಸಕ್ಕರೆಯ ಲೆಕ್ಕ ನೆನಪಿದೆಯೇ? ಸಿಗರೇಟಿನ ಎಲೆಯ ಸಕ್ಕರೆ ಉರಿದಾಗ ಆಮ್ಲಗಳು ಹುಟ್ಟುತ್ತವೆ. ಅದರ ಹೊಗೆಯ ಪಿಎಚ್ 6ರ ಆಸುಪಾಸಿನಲ್ಲಿರುತ್ತದೆ. ಸಕ್ಕರೆ ಕಳೆದುಕೊಂಡ ಸಿಗಾರ್ ಎಲೆಯ ಹೊಗೆ, ಸೇದುತ್ತ ಹೋದಂತೆ ಪ್ರತ್ಯಾಮ್ಲೀಯವಾಗಿ, ಕೊನೆಯ ಭಾಗದಲ್ಲಿ ಪಿಎಚ್ 8ನ್ನೂ ದಾಟಬಹುದು.

ನಿಕೋಟಿನ್ ದುರ್ಬಲ ಪ್ರತ್ಯಾಮ್ಲ. ಆಮ್ಲೀಯ ಪರಿಸರದಲ್ಲಿ ಅದು ಪ್ರೋಟಾನ್ ಹಿಡಿದುಕೊಂಡು ವಿದ್ಯುದಾವೇಶ ಪಡೆಯುತ್ತದೆ. ಆವೇಶವಿರುವ ಅಣು ಜೀವಕೋಶದ ಮೇದಸ್ಸಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಆವೇಶವಿಲ್ಲದ ‘ಮುಕ್ತ’ ನಿಕೋಟಿನ್ ದಾಟಬಲ್ಲದು. ನಿಕೋಟಿನ್‌ನ ಪಿಕೆಎ ಸುಮಾರು 8. ಹೀಗಾಗಿ ಪಿಎಚ್ 6ರಲ್ಲಿ ಮುಕ್ತ ನಿಕೋಟಿನ್ ಶೇಕಡಾ 1ರಷ್ಟು, 7ರಲ್ಲಿ ಶೇಕಡಾ 9ರಷ್ಟು, 8ರಲ್ಲಿ ಶೇಕಡಾ 50ರಷ್ಟು. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಸಿಗರೇಟಿನ ನಿಕೋಟಿನ್‌ಗೆ ಶ್ವಾಸಕೋಶದ ವಿಶಾಲ ಮೇಲ್ಮೈ ಬೇಕು. ಸಿಗಾರ್‌ನದಕ್ಕೆ ಕೆನ್ನೆಯ ಒಳಗಿನ ಲೋಳೆಪೊರೆಯೇ ಸಾಕು.

ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುವುದನ್ನು ನೀವು ನೋಡಿರಬಹುದು. ಸುಣ್ಣ ಮಾಡುವ ಕೆಲಸವೂ ಇದೇ. ದುಬಾರಿ ಸಿಗಾರ್‌ಗೂ ಅಂಗೈಯ ತಂಬಾಕಿಗೂ ಬೆಲೆಯಲ್ಲಿ ಎಷ್ಟೇ ಅಂತರವಿದ್ದರೂ ರಸಾಯನ ವಿಜ್ಞಾನ ಒಂದೇ.

ಪ್ರಮಾಣವನ್ನೂ ಗಮನಿಸಬೇಕು. ಒಂದು ಸಿಗರೇಟಿನಲ್ಲಿ ಇರುವ ತಂಬಾಕು 1 ಗ್ರಾಮಿಗಿಂತ ಕಡಿಮೆ. ದೊಡ್ಡ ಸಿಗಾರ್‌ನಲ್ಲಿ 5ರಿಂದ 20 ಗ್ರಾಮ್. ಅದು ಒಂದು ಗಂಟೆಗೂ ಮೀರಿ ಉರಿಯಬಹುದು. ಎಲೆ ಎಷ್ಟೇ ಉತ್ತಮವಾಗಿರಲಿ, ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್, ಬೆಂಜೊಪೈರೀನ್‌ಗಳು ಹುಟ್ಟಿಯೇ ಹುಟ್ಟುತ್ತವೆ. ಪಕ್ಕದಲ್ಲಿ ಕುಳಿತವರಿಗೂ ಅದರ ಪಾಲುಂಟು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಪ್ರಕಟಿಸಿದ ವರದಿ ಸಿಗಾರ್ ಸೇವನೆಯನ್ನು ಬಾಯಿ, ಗಂಟಲಗೂಡು, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗಳೊಂದಿಗೆ ಜೋಡಿಸಿತು. ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆಯನ್ನು ಅಚ್ಚುಹಾಕಲು ಅಲ್ಲಿನ ಏಳು ದೊಡ್ಡ ಸಿಗಾರ್ ಕಂಪನಿಗಳು 2000ದಲ್ಲಿ ಒಪ್ಪಿದವು.

ತರಗತಿಯಲ್ಲಿ ಮಾಡಿ ತೋರಿಸಿ

ಇದನ್ನು ತಂಬಾಕು ಮುಟ್ಟದೆಯೇ ತೋರಿಸಬಹುದು. ಒಂದು ಚಿಟಿಕೆ ನವಸಾಗರವನ್ನು ಗಾಜಿನ ತಟ್ಟೆಯಲ್ಲಿಡಿ. ವಾಸನೆಯಿಲ್ಲ. ಅದಕ್ಕೆ ಅಷ್ಟೇ ಅರಳಿದ ಸುಣ್ಣ ಮತ್ತು ಒಂದು ಹನಿ ನೀರು ಸೇರಿಸಿ ಗಾಜಿನ ಕಡ್ಡಿಯಿಂದ ಕಲಸಿ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಮೇಲೆ ಹಿಡಿದರೆ ನೀಲಿಯಾಗುತ್ತದೆ. ಉಪ್ಪಿನಲ್ಲಿ ಸೆರೆಯಾಗಿದ್ದ ಅಮೋನಿಯವನ್ನು ಪ್ರತ್ಯಾಮ್ಲ ಬಿಡಿಸಿತು. ನಿಕೋಟಿನ್‌ನ ಕಥೆಯೂ ಹೀಗೆಯೇ. ನೇರವಾಗಿ ಮೂಸಿ ನೋಡದಂತೆ ಮಕ್ಕಳಿಗೆ ಎಚ್ಚರಿಕೆ ಕೊಡಿ.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತವೂ ಸೇರಿದೆ. ಪೊಟ್ಟಣದ ಮೇಲೆ ತಪ್ಪು ಅಭಿಪ್ರಾಯ ಮೂಡಿಸಬಹುದಾದ ಪದಗಳಿಗೆ ಉದಾಹರಣೆಯಾಗಿ ಅದು ಹೆಸರಿಸಿದ ಕೆಲವೇ ಪದಗಳಲ್ಲಿ ‘ಮೈಲ್ಡ್’ ಕೂಡ ಒಂದು. ಕಾರಣ ಈಗ ನಿಮಗೆ ತಿಳಿದಿದೆ. ನೆರಳಿನ ಎಲೆ, ತಿಂಗಳುಗಳ ಹದ, ನುರಿತ ಬೆರಳುಗಳು – ಸಿಗಾರ್‌ನ ಮೃದುತ್ವದ ಹಿಂದೆ ಇರುವ ಶ್ರಮವೂ ಜ್ಞಾನವೂ ನಿಜವಾದವು. ಆದರೆ ಆ ಶ್ರಮವೆಲ್ಲ ತೆಗೆದುಹಾಕಿದ್ದು ನಮ್ಮ ನರಗಳು ಗುರುತಿಸಬಲ್ಲ ಘಾಟನ್ನು ಮಾತ್ರ. ಘಾಟು ಒಂದು ಎಚ್ಚರಿಕೆಯ ಗಂಟೆ. ಗಂಟೆಗೆ ಬಟ್ಟೆ ಸುತ್ತಿದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ.