ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರೇ ಏಕೆ?

ಪುಟ್ಟ ಮಗುವಿಗೆ ಭೇದಿ ಶುರುವಾದರೆ 'ನೀರು ಕೊಡಬೇಡಿ, ಇನ್ನೂ ಹೆಚ್ಚಾಗುತ್ತದೆ' ಎನ್ನುವವರು ಇಂದಿಗೂ ಇದ್ದಾರೆ. ಆದರೆ ಭೇದಿಯಲ್ಲಿ ಮಗುವಿನ ಜೀವಕ್ಕೆ ಎರವಾಗುವುದು ಮುಖ್ಯವಾಗಿ ನೀರು, ಲವಣಗಳ ನಷ್ಟವೇ. ಹಾಗಾದರೆ ಬರೀ ನೀರು ಕುಡಿಸಿದರೆ ಸಾಕೆ? ಸಾಲದು.

ಕರುಳಿನಲ್ಲಿ ನೀರು ಕರಗಿದ ಕಣಗಳನ್ನು ಹಿಂಬಾಲಿಸುತ್ತದೆ. ತರಗತಿಯಲ್ಲಿ ಒಣದ್ರಾಕ್ಷಿಯನ್ನು ನೆನೆಸಿ ತೋರಿಸುವ ಅಭಿಸರಣೆಯೇ ಇದು. ಸಣ್ಣ ಕರುಳಿನ ಒಳಪದರದ ಜೀವಕೋಶಗಳಲ್ಲಿರುವ ಒಂದು ವಾಹಕ ಪ್ರೋಟೀನ್, ಒಂದು ಗ್ಲೂಕೋಸ್ ಅಣುವಿನೊಡನೆ ಎರಡು ಸೋಡಿಯಂ ಅಯಾನುಗಳನ್ನು ಒಳಕ್ಕೆ ಒಯ್ಯುತ್ತದೆ. ಅವುಗಳ ಹಿಂದೆಯೇ ನೀರು ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ದ್ರಾವಣವನ್ನು ಕುಡಿಸಿಯೇ ಸಾವಿರಾರು ಕಾಲರಾ ರೋಗಿಗಳನ್ನು ಉಳಿಸಿದರು.

ಈಗ ಸ್ವಲ್ಪ ಲೆಕ್ಕ. 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಅಣುತೂಕಗಳಿಂದ ಭಾಗಿಸಿ ನೋಡಿ (ಸಿಟ್ರೇಟಿನಲ್ಲಿರುವ ಎರಡು ನೀರಿನ ಅಣುಗಳನ್ನು ಮರೆಯಬೇಡಿ): ಸೋಡಿಯಂ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10, ಗ್ಲೂಕೋಸ್ 75 ಮಿಲಿಮೋಲ್. ಒಟ್ಟು 245. ರಕ್ತದಲ್ಲಿ ಇದೇ ಮೊತ್ತ ಸುಮಾರು 290. ಕರುಳಿನ ದ್ರಾವಣ ತುಸು ತೆಳು. ಆದ್ದರಿಂದ ನೀರು ರಕ್ತದ ಕಡೆಗೆ ಸಾಗುತ್ತದೆ.

ಅದೇ ಪೊಟ್ಟಣವನ್ನು ಅರ್ಧ ಲೀಟರಿನಲ್ಲಿ ಕಲಕಿದರೆ? 490! ನೀರು ಮಗುವಿನ ರಕ್ತದಿಂದ ಕರುಳಿಗೇ ಹರಿಯುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಏರಬಹುದು. 'ಗಟ್ಟಿಯಾಗಿದ್ದರೆ ಶಕ್ತಿ ಜಾಸ್ತಿ' ಎಂದು ಲೋಟದ ನೀರಿಗೆ ಅಂದಾಜಿನಲ್ಲಿ ಪುಡಿ ಸುರಿಯುವುದು ಅದಕ್ಕೇ ತಪ್ಪು. ಸಿಹಿ ಹೆಚ್ಚಿರುವ ಹಣ್ಣಿನ ರಸ, ಸೋಡಾ ಪಾನೀಯಗಳ ದೋಷವೂ ಇದೇ. ಪೊಟ್ಟಣಗಳಲ್ಲಿ 200 ಮಿಲಿಲೀಟರಿಗೆ ಬೆರೆಸುವ ಚಿಕ್ಕವೂ ಇವೆ. ಮೇಲೆ ಬರೆದಿರುವ ಅಳತೆ ಓದಿಕೊಳ್ಳಿ. ಕುದಿಸಿ ಆರಿಸಿದ ನೀರಿನಲ್ಲಿ ಇಡೀ ಪೊಟ್ಟಣ ಕರಗಿಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಕೊಡಿ. ಎದೆಹಾಲು, ಊಟ ನಿಲ್ಲಿಸಬಾರದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಸತುವಿನ ಮಾತ್ರೆಯೂ ಬೇಕು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಾದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ತಟ್ಟನೆ ಇಳಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ, ಕುಡಿಯುವಂತಿದ್ದರೆ, ದ್ರಾವಣ ಕೊಡುತ್ತಲೇ ಇರಿ.