ಮನೆ ಮುಂದಿನ ಕಾರು, ಕಾಡಿನ ಹಾದಿ

2013ರ ಅಕ್ಟೋಬರ್ 3, ಗುರುವಾರ. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಸ್ಟ್ರಾಸ್‌ಬರ್ಗ್ ನಗರ. 2004ರಿಂದ 2012ರವರೆಗೆ ಸತತ ಒಂಬತ್ತು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆಗಿದ್ದ ಸೆಬಾಸ್ಟಿಯನ್ ಲೋಬ್ ಹುಟ್ಟಿದ್ದು ಇದೇ ಸೀಮೆಯ ಹಾಗ್ನೋದಲ್ಲಿ. ಆ ವಾರ ಅವರು ತವರಿನ ಜನರ ಮುಂದೆ ವಿದಾಯ ಹೇಳಲು ಬಂದಿದ್ದರು. ಹೆಚ್ಚುವರಿ ಅಂಕ ಕೊಡುವ ‘ಪವರ್ ಸ್ಟೇಜ್’ ಸಾಮಾನ್ಯವಾಗಿ ರ‍್ಯಾಲಿಯ ಕೊನೆಗೆ ಇರುತ್ತದೆ. ಆ ಸಲ ಅದನ್ನು ಮೊದಲ ದಿನವೇ, ಊರೊಳಗಿನ ಬೀದಿಗಳಲ್ಲಿ ಇಟ್ಟಿದ್ದರು. ಹಾಗಾಗಿ ರ‍್ಯಾಲಿ ಸರಿಯಾಗಿ ಶುರುವಾಗುವ ಮೊದಲೇ ವರ್ಷದ ಲೆಕ್ಕ ಮುಗಿದುಹೋಯಿತು. ಬೆನ್ನಟ್ಟಿದ್ದ ಬೆಲ್ಜಿಯಂನ ಥಿಯರಿ ನೊವಿಲ್‌ಗೆ ಬೇಕಾದಷ್ಟು ಅಂಕ ಸಿಗಲಿಲ್ಲ. ಲೋಬ್ ಬಿಟ್ಟುಕೊಟ್ಟ ಪಟ್ಟಕ್ಕೆ ಇನ್ನೊಬ್ಬ ಫ್ರೆಂಚ್ ಸೆಬಾಸ್ಟಿಯನ್, ಓಜಿಯೇ, ಏರಿದರು. ಅವರು ಕೂತಿದ್ದ ಕಾರು ಫೋಕ್ಸ್‌ವ್ಯಾಗನ್ ಪೋಲೊ. ವಿಶ್ವ ರ‍್ಯಾಲಿಗೆ ಅದು ಕಾಲಿಟ್ಟು ಒಂಬತ್ತು ತಿಂಗಳೂ ತುಂಬಿರಲಿಲ್ಲ.

ಪೋಲೊ ಎಂದರೆ ನಮಗೆ ಗೊತ್ತಿರುವ ಕಾರೇ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ, ಹುಬ್ಬಳ್ಳಿಯ ಮನೆಗಳ ಗೇಟಿನೊಳಗೆ ನಿಂತಿರುತ್ತಿದ್ದ ನಾಲ್ಕು ಮೀಟರಿನ ಪುಟ್ಟ ಹ್ಯಾಚ್‌ಬ್ಯಾಕ್. ಅಂಥ ಕಾರು ಹಿಮ, ಜಲ್ಲಿ, ಕೆಸರು, ಟಾರು ಎಲ್ಲದರ ಮೇಲೂ ಜಗತ್ತಿನ ಅತಿ ವೇಗದ ರ‍್ಯಾಲಿ ಕಾರಾಯಿತು ಎಂದರೆ ಅದರ ಹಿಂದೆ ಏನು ನಡೆಯಿತು?

ರೂಪ ಪೋಲೊದ್ದು, ಒಳಗಿರುವುದು ಬೇರೆ. ಅಂಗಡಿಯಲ್ಲಿ ಮಾರುವ ಪೋಲೊದಲ್ಲಿ ಎಂಜಿನ್ ಮುಂದಿನ ಎರಡು ಚಕ್ರಗಳನ್ನಷ್ಟೇ ತಿರುಗಿಸುತ್ತದೆ. ರ‍್ಯಾಲಿ ಪೋಲೊದಲ್ಲಿ ನಾಲ್ಕೂ ಚಕ್ರ ನೆಲವನ್ನು ಕಚ್ಚುತ್ತವೆ. 2011ರಲ್ಲಿ ಬಂದ ನಿಯಮದ ಪ್ರಕಾರ ಎಂಜಿನ್ 1.6 ಲೀಟರಿನ ಟರ್ಬೊ ಆಗಿರಬೇಕಿತ್ತು, ಕಾರಿನ ತೂಕ 1,200 ಕೆ.ಜಿ.ಗಿಂತ ಕಡಿಮೆ ಇರಬಾರದಿತ್ತು, ಟರ್ಬೊಗೆ ಹೋಗುವ ಗಾಳಿಯೆಲ್ಲ 33 ಮಿ.ಮೀ. ವ್ಯಾಸದ ಒಂದು ತೂತಿನ ಮೂಲಕವೇ ಹೋಗಬೇಕಿತ್ತು. ಹೊಟ್ಟೆ ಎಷ್ಟೇ ದೊಡ್ಡದಿರಲಿ, ಉಣ್ಣುವುದು ಈ ಸಣ್ಣ ಬಾಯಿಂದ. ಹೀಗೆ ಬಾಯಿ ಕಟ್ಟಿದ ಮೇಲೂ ಪೋಲೊ ಎಂಜಿನಿಯರುಗಳು ಸುಮಾರು 315 ಅಶ್ವಶಕ್ತಿ ತೆಗೆದರು. ಆಕ್ಸಿಲರೇಟರ್ ಬಿಟ್ಟಾಗಲೂ ಟರ್ಬೊ ನಿಧಾನಿಸದಿರಲೆಂದು ಎಕ್ಸಾಸ್ಟಿನಲ್ಲೇ ಒಂದಿಷ್ಟು ಪೆಟ್ರೋಲು ಉರಿಸುತ್ತಾರೆ. ತಿರುವಿಗೆ ಬರುವ ಮುನ್ನ ಕಾಡಿನಿಂದ ಪಟಾಕಿ ಸರದಂತೆ ಕೇಳಿಬರುವ ಸದ್ದು ಅದರದ್ದೇ.

ಚಿಕ್ಕ ಕಾರೇ ಯಾಕೆ ಎಂಬುದಕ್ಕೆ ಎರಡು ಉತ್ತರ. ಹೇರ್‌ಪಿನ್ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಕ್ಷಣ ಗಿಡ್ಡ ಕಾರು ಬುಗುರಿಯಂತೆ ತಿರುಗುತ್ತದೆ ಎಂಬುದು ಒಂದು. ಯುರೋಪಿನ ಜನ ಆಗ ಹೆಚ್ಚಾಗಿ ಕೊಳ್ಳುತ್ತಿದ್ದುದು ಇಂಥ ಕಾರನ್ನೇ ಎಂಬುದು ಇನ್ನೊಂದು. ತಾನು ಕೊಂಡ ಕಾರಿನ ಮುಖವೇ ಗೆಲುವಿನ ಗೆರೆ ದಾಟುವುದನ್ನು ನೋಡಿದವನ ಹಿಗ್ಗಿಗೆ ಕಂಪನಿಗಳು ಬಹಳ ಹಿಂದಿನಿಂದ ಬೆಲೆ ಕಟ್ಟಿವೆ. ಬ್ರಿಟನ್ನಿನ ಮಿನಿ ಕೂಪರ್ 1964, 65 ಮತ್ತು 67ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದು ದೊಡ್ಡ ಕಾರುಗಳ ಸೊಕ್ಕು ಮುರಿದಿತ್ತು. 1984ರಲ್ಲಿ ಪ್ಯೂಜೊ ಕಂಪನಿ 205ರ ಹೊದಿಕೆಯೊಳಗೆ ಎಂಜಿನನ್ನು ಚಾಲಕನ ಬೆನ್ನ ಹಿಂದಿಟ್ಟು, ಝಾನ್ ಟಾಡ್ ಅವರ ನಾಯಕತ್ವದಲ್ಲಿ ಕಣಕ್ಕಿಳಿದು, 1985 ಮತ್ತು 86ರ ಪ್ರಶಸ್ತಿಗಳನ್ನು ಬಾಚಿಕೊಂಡಿತ್ತು.

ಫೋಕ್ಸ್‌ವ್ಯಾಗನ್‌ಗೆ ಅಂಥ ಹಿರಿಮೆ ಇರಲಿಲ್ಲ. ವಿಶ್ವ ರ‍್ಯಾಲಿಯಲ್ಲಿ ಅದರ ಹೆಸರಿಗಿದ್ದುದು ಒಂದೇ ಗೆಲುವು: 1987ರಲ್ಲಿ ಐವರಿ ಕೋಸ್ಟಿನಲ್ಲಿ ಕೆನೆತ್ ಎರಿಕ್ಸನ್ ಗಾಲ್ಫ್ ಕಾರಿನಲ್ಲಿ ಗೆದ್ದದ್ದು. ಮರುಭೂಮಿ ಓಟ ಅವರಿಗೆ ಒಲಿದಿತ್ತು ನಿಜ. 2009, 2010, 2011ರ ಡಕಾರ್ ರ‍್ಯಾಲಿಗಳನ್ನು ಟೂರೆಗ್ ಕಾರು ಸಾಲಾಗಿ ಗೆದ್ದಿತ್ತು. ಆದರೆ ದಿನವಿಡೀ ಮರಳಿನಲ್ಲಿ ದಾರಿ ಹುಡುಕುತ್ತ ಓಡುವ ವಿದ್ಯೆ ಬೇರೆ, ಕಾಡಿನ ಕಿರುದಾರಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಾಗಿ ಮರದ ಬುಡ ಸವರಿಕೊಂಡು ಹೋಗುವ ವಿದ್ಯೆ ಬೇರೆ.

ಇದು ಗೊತ್ತಿದ್ದುದರಿಂದಲೇ ಅವರು ಆತುರಪಡಲಿಲ್ಲ. 2011ರ ಮೇ ತಿಂಗಳಲ್ಲಿ ಇಟಲಿಯ ಸಾರ್ಡೀನಿಯಾ ರ‍್ಯಾಲಿಯ ಹೊತ್ತಿಗೆ ಪೋಲೊವನ್ನು ಜನರ ಮುಂದಿಟ್ಟು ಹೇಳಿದ್ದು ‘2013ಕ್ಕೆ ಬರುತ್ತೇವೆ’ ಎಂದು. ಇಪ್ಪತ್ತು ತಿಂಗಳ ಅವಕಾಶ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಇಪ್ಪತ್ತು ತಿಂಗಳಲ್ಲಿದೆ. ದುಡ್ಡು ಸುರಿಯುವ ಕಂಪನಿಗಳು ಬೇಕಾದಷ್ಟಿವೆ. ಕಾಯುವ ಕಂಪನಿ ಸಿಗುವುದು ಅಪರೂಪ. 2011ರ ಕೊನೆಗೆ ಸಿಟ್ರೊಯೆನ್ ಬಿಟ್ಟು ಬಂದ ಓಜಿಯೇ, ಆಗಲೇ ರ‍್ಯಾಲಿಗಳನ್ನು ಗೆಲ್ಲುತ್ತಿದ್ದ ಚಾಲಕ. ಅಂಥವರು 2012ರ ಇಡೀ ವರ್ಷ ಗೆಲ್ಲಲಾಗದ ಕಾರಿನಲ್ಲಿ ಕೂತರು. ಅದೇ ಕಂಪನಿ ಬಳಗದ ಸ್ಕೋಡಾ ಫಾಬಿಯಾ, ಟರ್ಬೊ ಇಲ್ಲದ, ಒಂದು ದರ್ಜೆ ಕೆಳಗಿನ ಕಾರು. ಗೆಲ್ಲುವುದು ಆ ವರ್ಷದ ಕೆಲಸವೇ ಆಗಿರಲಿಲ್ಲ. ಪಕ್ಕದಲ್ಲಿ ಕೂತು ದಾರಿಯ ಟಿಪ್ಪಣಿ ಓದುವ ಜೂಲಿಯನ್ ಇಂಗ್ರಾಸಿಯಾ ಅವರೊಂದಿಗೆ ಪ್ರತಿ ದೇಶದ ಪ್ರತಿ ಸ್ಟೇಜಿನ ಪೇಸ್ ನೋಟ್ಸ್ ಹೊಸದಾಗಿ ಬರೆಯುವುದು, ಕಂಪನಿಯ ರ‍್ಯಾಲಿ ತಂಡದ ನೆಲೆಯಾಗಿದ್ದ ಹ್ಯಾನೋವರಿನಿಂದ ಬಂದ ಮೆಕ್ಯಾನಿಕ್‌ಗಳು ಸಂಜೆಯ ನಲವತ್ತೈದು ನಿಮಿಷದ ಸರ್ವಿಸ್‌ನಲ್ಲಿ ಯಾರ ಕೈಗೆ ಯಾವ ಸ್ಪ್ಯಾನರ್ ಎಂಬುದನ್ನು ರೂಢಿಸಿಕೊಳ್ಳುವುದು, ಇವೇ ಕೆಲಸ.

ಇತ್ತ ಪೋಲೊ ಪರೀಕ್ಷೆಯ ಮೇಲೆ ಪರೀಕ್ಷೆ ಎದುರಿಸುತ್ತಿತ್ತು. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಸ್ಪೇನಿನ ಕಾರ್ಲೋಸ್ ಸೈನ್ಜ್ ಅದನ್ನು ಓಡಿಸಿ ತಪ್ಪು ಹೇಳುತ್ತಿದ್ದರು. ಫ್ರಾಂಸ್ವಾ-ಗ್ಸಾವಿಯೇ ದೆಮೆಸಾನ್ ಎಂಬ ಎಂಜಿನಿಯರ್ ತಿದ್ದುತ್ತಿದ್ದರು. 2012ರಲ್ಲಿ ಫೋರ್ಡ್‌ನಿಂದ ಬಂದ ಯೋಸ್ಟ್ ಕಪೀಟೊ ತಂಡದ ಹೊಣೆ ಹೊತ್ತರು. (ಕಪೀಟೊ ಮತ್ತು ದೆಮೆಸಾನ್ ಮುಂದೆ ವಿಲಿಯಮ್ಸ್ ಫಾರ್ಮುಲಾ ಒನ್ ತಂಡದಲ್ಲೂ ಜೊತೆಯಾದರು.) ಫೋರ್ಡ್ ಚಾಲಕರಾಗಿದ್ದ ಫಿನ್ಲೆಂಡಿನ ಯಾರಿ-ಮಾಟಿ ಲಾತ್ವಾಲಾ ಕೂಡ 2013ಕ್ಕೆ ಪೋಲೊ ಹತ್ತಿದರು.

2013ರ ಜನವರಿ, ಮಾಂಟೆ ಕಾರ್ಲೊ. ಮೊದಲ ರ‍್ಯಾಲಿಯಲ್ಲೇ ಓಜಿಯೇ ಎರಡನೆಯವರಾದರು, ಅದೂ ಲೋಬ್ ಒಬ್ಬರ ಹಿಂದೆ ಮಾತ್ರ. ಫೆಬ್ರವರಿಯಲ್ಲಿ ಸ್ವೀಡನ್. ಅಲ್ಲಿ ಗಟ್ಟಿ ಮಂಜಿನ ಮೇಲೆ, ಮೊಳೆ ಹೊಡೆದ ಕಿರಿದಾದ ಟೈರುಗಳಲ್ಲಿ ಓಡಬೇಕು. ಬದಿಯ ಹಿಮದ ದಿಣ್ಣೆಗೆ ಕಾರಿನ ಸೊಂಟ ಒರಗಿಸಿ ತಿರುವು ದಾಟಬೇಕು. ಒಂದು ಗೇಣು ಹೆಚ್ಚು ಒರಗಿದರೆ ದಿಣ್ಣೆಯೇ ಕಾರನ್ನು ನುಂಗುತ್ತದೆ. ಅಲ್ಲಿಯವರೆಗೆ ಆ ರ‍್ಯಾಲಿ ಗೆದ್ದಿದ್ದ ನಾರ್ಡಿಕ್ ದೇಶಗಳ ಹೊರಗಿನವರು ಲೋಬ್ ಒಬ್ಬರೇ. ಹಾಗೆ ಗೆದ್ದ ಎರಡನೆಯವರು ಓಜಿಯೇ. ಪೋಲೊಗೆ ಅದು ಎರಡನೇ ರ‍್ಯಾಲಿ, ಕಂಪನಿಗೆ 26 ವರ್ಷಗಳ ನಂತರದ ಗೆಲುವು.

ಅಲ್ಲಿಂದ ಮುಂದಿನದನ್ನು ಅಂಕಿಗಳೇ ಹೇಳುತ್ತವೆ. 2013ರಿಂದ 2016ರವರೆಗೆ 52 ರ‍್ಯಾಲಿಗಳಲ್ಲಿ 43 ಗೆಲುವು. ನಾಲ್ಕು ವರ್ಷವೂ ಚಾಲಕರ ಪಟ್ಟ, ತಯಾರಕರ ಪಟ್ಟ ಎರಡೂ. 2014ರಲ್ಲಿ ಜರ್ಮನಿಯೊಂದನ್ನು ಬಿಟ್ಟು ಎಲ್ಲ ರ‍್ಯಾಲಿಯೂ ಪೋಲೊದ್ದೇ. ತವರು ನೆಲದ ಆ ಒಂದೇ ಸೋಲು ಜರ್ಮನರಿಗೆ ಎಷ್ಟು ಚುಚ್ಚಿರಬೇಕು! ಎದುರಾಳಿಗಳಿಗೆ ಉಸಿರಾಡಲು ಜಾಗ ಸಿಗಲೆಂದು 2015ರಿಂದ ಹೊಸ ನಿಯಮ ಬಂತು: ಅಂಕಪಟ್ಟಿಯಲ್ಲಿ ಮೊದಲಿದ್ದವರು ಮೊದಲೆರಡು ದಿನ ಎಲ್ಲರಿಗಿಂತ ಮುಂದೆ ಹೋಗಬೇಕು. ಗೌರವದಂತೆ ಕಂಡರೂ ಇದು ಶಿಕ್ಷೆ. ಜಲ್ಲಿ ರಸ್ತೆಯಲ್ಲಿ ಮೊದಲು ಹೋಗುವ ಕಾರು ಸಡಿಲ ಕಲ್ಲುಗಳ ಮೇಲೆ ಜಾರುತ್ತ, ಅವನ್ನು ಬದಿಗೆ ಸರಿಸುತ್ತ ಸಾಗುತ್ತದೆ. ಹಿಂದೆ ಬರುವವರಿಗೆ ಗುಡಿಸಿಟ್ಟ ಗಟ್ಟಿ ನೆಲ ಸಿಗುತ್ತದೆ. ಓಜಿಯೇ ಬಹಿರಂಗವಾಗಿಯೇ ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದೇ ನಾನು ಇಂದಿಗೂ ನಂಬುತ್ತೇನೆ. ಚೆನ್ನಾಗಿ ಓಡಿದ್ದಕ್ಕೆ ಕಸ ಗುಡಿಸುವ ಕೆಲಸ ಹಚ್ಚುವುದು ಕ್ರೀಡೆಗೆ ಒಪ್ಪುವ ಮಾತಲ್ಲ. ಹಾಗೆ ಗುಡಿಸುತ್ತಲೇ ಅವರು ಇನ್ನೆರಡು ಪಟ್ಟ ಗೆದ್ದರು.

ಪೋಲೊವನ್ನು ಕೊನೆಗೆ ನಿಲ್ಲಿಸಿದ್ದು ಯಾವ ಎದುರಾಳಿಯೂ ಅಲ್ಲ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ನ ಡೀಸೆಲ್ ಮೋಸವನ್ನು ಬಯಲಿಗೆಳೆಯಿತು. ಹೊಗೆ ಪರೀಕ್ಷೆಯ ಹೊತ್ತಿಗಷ್ಟೇ ಶುದ್ಧವಾಗಿ ನಡೆದುಕೊಳ್ಳುವಂತೆ ಎಂಜಿನಿಗೆ ಕಲಿಸಿದ್ದ ಸಾಫ್ಟ್‌ವೇರ್, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ದಂಡ, ಪರಿಹಾರಗಳ ಲೆಕ್ಕ ಬೆಳೆಯುತ್ತ ಹೋಯಿತು. 2016ರ ನವೆಂಬರ್ 2ರಂದು ಕಂಪನಿ ರ‍್ಯಾಲಿಯಿಂದ ಹೊರಬರುವುದಾಗಿ ಹೇಳಿತು. ಇನ್ನು ನಮ್ಮ ಗಮನ ವಿದ್ಯುತ್ ಕಾರುಗಳ ಮೇಲೆ ಎಂದಿತು. ಅದೇ ತಿಂಗಳ ಆಸ್ಟ್ರೇಲಿಯಾ ರ‍್ಯಾಲಿಯಲ್ಲಿ ಆಂಡ್ರಿಯಾಸ್ ಮಿಕೆಲ್ಸನ್ ಗೆದ್ದು, ಪೋಲೊ ಗೆಲುವಿನೊಂದಿಗೇ ಕಣ ಬಿಟ್ಟಿತು.

ನನಗೆ ಸಂಕಟವಾಗುವುದು ಇನ್ನೊಂದು ಕಾರನ್ನು ನೆನೆದು. 2017ಕ್ಕೆ ನಿಯಮ ಸಡಿಲವಾಗಿ ಗಾಳಿಯ ತೂತು 36 ಮಿ.ಮೀ.ಗೆ ಹಿಗ್ಗಿತ್ತು, ಶಕ್ತಿ 380 ಅಶ್ವಶಕ್ತಿಗೆ ಏರಿತ್ತು. ಅದಕ್ಕಾಗಿ ಹ್ಯಾನೋವರಿನಲ್ಲಿ ಅಗಲ ಭುಜದ, ದೊಡ್ಡ ರೆಕ್ಕೆಯ ಹೊಸ ಪೋಲೊ ಸಿದ್ಧವಾಗಿತ್ತು. ಸಾವಿರಾರು ಕಿಲೋಮೀಟರ್ ಓಡಿ, ತಪ್ಪುಗಳನ್ನು ತಿದ್ದಿಸಿಕೊಂಡು ನಿಂತಿತ್ತು. ಬೇರೆ ತಂಡದ ಕೈಯಲ್ಲಾದರೂ ಅದು ಓಡಲಿ ಎಂದು ಪ್ರಯತ್ನಗಳಾದವು. ಮಾನ್ಯತೆ ಸಿಗಲಿಲ್ಲ. ಡೀಸೆಲ್ ಸಾಫ್ಟ್‌ವೇರಿಗೂ ಆ ಕಾರಿನ ವೆಲ್ಡಿಂಗ್ ಮಾಡಿದವರಿಗೂ ಯಾವ ಸಂಬಂಧವೂ ಇರಲಿಲ್ಲ. ತಪ್ಪು ಒಂದು ಕೋಣೆಯಲ್ಲಿ ನಡೆಯಿತು, ಬೀಗ ಬಿದ್ದದ್ದು ಇನ್ನೊಂದು ಕೋಣೆಗೆ.

ಕಾರು ನಿಂತರೂ ಜನ ನಿಲ್ಲಲಿಲ್ಲ. ಓಜಿಯೇ ಎಂ-ಸ್ಪೋರ್ಟ್ ತಂಡದ ಫೋರ್ಡ್ ಫಿಯೆಸ್ಟಾ ಹತ್ತಿ 2017, 2018ರಲ್ಲಿ ಮತ್ತೆ ಚಾಂಪಿಯನ್ ಆದರು. ಲಾತ್ವಾಲಾ ಹೋದದ್ದು ಟೊಯೋಟಾಕ್ಕೆ. ವರ್ಷಗಟ್ಟಲೆ ದೂರ ಉಳಿದಿದ್ದ ಟೊಯೋಟಾ, ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿದ್ದ ಟಾಮಿ ಮಾಕಿನೆನ್ ಅವರ ನೇತೃತ್ವದಲ್ಲಿ, ಫಿನ್ಲೆಂಡಿನಲ್ಲಿ ಕಟ್ಟಿದ ಪುಟ್ಟ ಯಾರಿಸ್‌ನೊಂದಿಗೆ 2017ರಲ್ಲಿ ಮರಳಿತ್ತು. ಆ ಮೊದಲ ಮಾಂಟೆ ಕಾರ್ಲೊದಲ್ಲಿ ಲಾತ್ವಾಲಾ ಎರಡನೆಯವರು, ಎರಡನೇ ರ‍್ಯಾಲಿ ಸ್ವೀಡನ್ನಿನಲ್ಲಿ ಮೊದಲಿಗರು. ಪೋಲೊ ಇಟ್ಟಿದ್ದ ಅದೇ ಎರಡು ಹೆಜ್ಜೆ. ಬಿಡದಿಯಲ್ಲಿ 2018ರಿಂದ ತಯಾರಾದ ಯಾರಿಸ್ ಸೆಡಾನ್‌ಗೂ ಈ ಕಾರಿಗೂ ಹೆಸರಿನ ನಂಟು ಮಾತ್ರ. ಆದರೆ ಟೊಯೋಟಾ ಒಂದು ಹೆಜ್ಜೆ ಮುಂದೆ ಹೋಯಿತು. 2020ರಲ್ಲಿ ಬಂದ ಜಿಆರ್ ಯಾರಿಸ್, ರ‍್ಯಾಲಿಯ ಅಗತ್ಯದಿಂದಲೇ ಹುಟ್ಟಿ ಅಂಗಡಿಗೆ ಬಂದ ಕಾರು. ಮೂರು ಸಿಲಿಂಡರಿನ 1.6 ಲೀಟರ್ ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ. ಫೋಕ್ಸ್‌ವ್ಯಾಗನ್ 2013ರಲ್ಲಿ ರ‍್ಯಾಲಿ ಪೋಲೊದ ಹೆಸರಿನಲ್ಲಿ 2,500 ರಸ್ತೆ ಕಾರುಗಳನ್ನು ಮಾರಿತ್ತು. ಶಕ್ತಿ 220 ಅಶ್ವಶಕ್ತಿ ಇದ್ದರೂ ಎಳೆಯುತ್ತಿದ್ದುದು ಮುಂದಿನ ಎರಡೇ ಚಕ್ರ.

ನಮ್ಮಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಿತು. ಅದಕ್ಕೂ ಮುಂಚಿನ ವರ್ಷಗಳಲ್ಲೇ ಅದು ಭಾರತದ ರ‍್ಯಾಲಿಗಳಿಗೆ ಇಳಿದಿತ್ತು. ಕಾರ್ಖಾನೆಯ ಕೋಟಿಗಳ ಬಲವಿಲ್ಲದೆ, ಖಾಸಗಿ ತಂಡಗಳ, ಸ್ವಂತ ದುಡ್ಡು ಹಾಕುವ ಹುಡುಗರ ಕೈಯಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ, ಸಿಲ್ವರ್ ಓಕ್ ಮರಗಳ ಸಾಲಿನಲ್ಲಿ, ಮುಂದಿನ ಎರಡೇ ಚಕ್ರಗಳಲ್ಲಿ ಮಣ್ಣು ಬಗೆಯುತ್ತ ಅವು ಏರು ಹತ್ತುತ್ತವೆ. ಸ್ಟೇಜು ಮುಗಿಸಿ ಸರ್ವಿಸ್‌ಗೆ ಬಂದ ಕಾರಿನ ಅಡಿಗೆ ಹುಡುಗರು ಟಾರ್ಪಾಲು ಹಾಸಿ ನುಗ್ಗುತ್ತಾರೆ. ಕೆಂಪು ಧೂಳು ಮೆತ್ತಿದ ಚಕ್ರದ ನಟ್ಟು ಬಿಚ್ಚುವಾಗ ಇನ್ನೊಬ್ಬ ಗಡಿಯಾರ ನೋಡುತ್ತ ಉಳಿದ ನಿಮಿಷಗಳನ್ನು ಕೂಗಿ ಹೇಳುತ್ತಿರುತ್ತಾನೆ.